ಟ್ಯಾಂಕಿನ ತಳದ ಅನ್ನ

ಮನೆಗಳ ಉಪ್ಪುನೀರಿನ ಮೀನಿನ ಟ್ಯಾಂಕು ನೋಡಿಕೊಳ್ಳುವುದು ನನ್ನ ಕೆಲಸ. ಸೀವುಡ್ಸ್ ಬಡಾವಣೆಯ ಒಂದು ಮನೆಯಲ್ಲಿ ಏನು ಮಾಡಿದರೂ ಮೀನಿಗೆ ವಿಷವಾಗುವ ನೈಟ್ರೇಟ್ ಇಳಿಯಲಿಲ್ಲ. ನೀರು ಬದಲಿಸಿದೆ, ಫಿಲ್ಟರ್ ತೊಳೆದೆ. ಮರುವಾರ ಪರೀಕ್ಷೆಯ ನಳಿಕೆಯಲ್ಲಿ ನೀರು ಮತ್ತೆ ಅಪಾಯದ ಕಡುಕೆಂಪು. ಕೊನೆಗೆ ಕಲ್ಲೆತ್ತಿ ನೋಡಿದರೆ ತಳದಲ್ಲಿ ಕೊಳೆತ ಅನ್ನ.

"ಇದಕ್ಕೆ ಅನ್ನ ಹಾಕಿದ್ದು ಯಾರು ಅಕ್ಕ? ಮೀನೆಲ್ಲ ಸಾಯ್ತವೆ!" ರೇಗಿಯೇ ಕೇಳಿದೆ.

ಉಡುಪಿ ಕಡೆಯ ಆ ಅಕ್ಕ ಗಂಡನ ಫೋಟೋ ನೋಡಿದರು. "ಇವರು ಹೋದ ಮೇಲೆ ದಿನಾ ಎಡೆ ಇಡ್ತೇನೆ. ಹದಿನೇಳನೇ ಮಹಡಿ, ಕಿಟಕಿಗೆಲ್ಲ ಪಾರಿವಾಳದ ಬಲೆ. ಕಾಗೆ ಎಲ್ಲಿಂದ ಬರ್ಬೇಕು? ಅದಕ್ಕೆ ಇವರು ಸಾಕಿದ ಮೀನಿಗೇ ಹಾಕಿದೆ."

"ಒಂದು ಅಗುಳು ಸಾಕಲ್ವಾ?"

"ಒಂದು ಅಗುಳಿನಲ್ಲಿ ಇವರ ಹೊಟ್ಟೆ ತುಂಬ್ತದಾ?"

ಈಗ ವಾರಕ್ಕೆರಡು ಸಲ ಹೋಗಿ ತಳದ ಅನ್ನ ಎತ್ತಿ ತರುತ್ತೇನೆ. ಕಾಗೆ ಬಾರದ ಆ ಮನೆಗೆ ನಾನೇ ಕಾಗೆ.