ಬನಿಯಾಸಿನ ಕಡಜ ಬೇಟೆ

ಕೊಲ್ಲಿ ದೇಶದ ಬನಿಯಾಸಿನ ವಿಲ್ಲಾದ ಹಿತ್ತಿಲಲ್ಲಿ ಝುಬೈದಾ ಜೇನುಪೆಟ್ಟಿಗೆಗಳನ್ನು ತಂದಿಟ್ಟಾಗ ಗಂಡ ಅಬ್ದುಸ್ಸಲಾಮ್ ನಕ್ಕಿದ್ದರು. ಭಟ್ಕಳದ ಅವರ ಮನೆತನ ಬಟ್ಟೆ ವ್ಯಾಪಾರದ್ದು. ಜೇನಿನ ಗೊಡವೆಗೆ ಹೋದವರು ಅಲ್ಲಿ ಒಬ್ಬರೂ ಇರಲಿಲ್ಲ. ಮಗಳು ನಾದಿಯಾ ಕೆಲಸ ಸಿಕ್ಕಿ ಅಲ್ ರೀಮ್ ಐಲ್ಯಾಂಡಿನ ಫ್ಲ್ಯಾಟಿಗೆ ಹೋದ ಮೇಲೆ, ಐವತ್ತು ದಾಟಿದ ಝುಬೈದಾ ಹಟ ಹಿಡಿದು ಕಲಿತ ವಿದ್ಯೆ ಅದು. ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಮೂರನೆಯ ಬೇಸಿಗೆಯ ಕೊನೆಗೆ ಕಡಜಗಳು ಬಂದವು.

ಕೆಂಪು ಮೈ, ಹೊಟ್ಟೆಯ ಮೇಲೆ ಹಳದಿ ಪಟ್ಟೆ. ಪೆಟ್ಟಿಗೆಯ ಬಾಯಿಯ ಮುಂದೆಯೇ ಕಾದಿದ್ದು, ಹೊರಗೆ ಬಂದ ಜೇನುನೊಣವನ್ನು ಹಿಡಿದು ತುಂಡರಿಸಿ ಒಯ್ಯುತ್ತಿದ್ದವು. ಝುಬೈದಾ ಪೆಟ್ಟಿಗೆಗಳ ಬಾಯಿ ಕಿರಿದು ಮಾಡಿದರು, ಬಾಟಲಿಗಳಲ್ಲಿ ಸಿಹಿನೀರು ತುಂಬಿ ಬಲೆ ಒಡ್ಡಿದರು. ಎಷ್ಟು ಸತ್ತರೂ ಮರುದಿನ ಅಷ್ಟೇ ಕಡಜಗಳು ಹಾಜರ್. ಒಂದು ಪೆಟ್ಟಿಗೆ ಪೂರ್ತಿ ಖಾಲಿಯಾಯಿತು. ಉಳಿದವುಗಳ ನೊಣಗಳು ಹೆದರಿ ಹೊರಗೆ ಬರುವುದನ್ನೇ ಬಿಟ್ಟವು.

ಝುಬೈದಾರ ಕುತ್ತಿಗೆಗೆ ಕಡಜ ಕಚ್ಚಿ ಊದಿಕೊಂಡ ದಿನ ಅಬ್ದುಸ್ಸಲಾಮ್ ಗಂಭೀರವಾಗಿ ಹೇಳಿದರು: "ಸಾಕು, ಖಲಾಸ್ ಮಾಡು. ಪೆಟ್ಟಿಗೆ ಯಾರಿಗಾದರೂ ಕೊಟ್ಟುಬಿಡುವ."

"ಅಂಗಡಿಗೆ ಇಲಿ ಬಂದಾಗ ನೀವು ಅಂಗಡಿ ಮುಚ್ಚಿದ್ರಾ?" ಎಂದರು ಝುಬೈದಾ.

ಗೂಡನ್ನೇ ಹುಡುಕಿ ತೆಗೆಸದೆ ಇದು ಮುಗಿಯುವುದಿಲ್ಲ ಎಂದು ಅವರಿಗೆ ಖಾತ್ರಿಯಾಗಿತ್ತು. ಪಕ್ಕದ ಮನೆಯ ಫಿಯೋನಾ ಕಿನ್ನಿಗೋಳಿ ಕಡೆಯವಳು, ಆಸ್ಪತ್ರೆಯಲ್ಲಿ ನರ್ಸ್; ಹುಡುಕಾಟಕ್ಕೆ ಅವಳು ಜೊತೆಯಾದಳು. ಹಿಡಿದ ಕಡಜವನ್ನು ಝುಬೈದಾ ಡಬ್ಬಿಯಲ್ಲಿ ಹಾಕಿ ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟರು. ಅದು ಮರಗಟ್ಟಿ ಬಿದ್ದಾಗ ಫಿಯೋನಾ ಕೈ ನಡುಗಿಸದೆ ಅದರ ನಡುವಿಗೆ ಬಿಳಿ ದಾರ ಕಟ್ಟಿದಳು. ಬಿಸಿಲು ತಾಗಿ ಚೇತರಿಸಿಕೊಂಡ ಕಡಜ ಗೂಡಿನತ್ತ ಹಾರಿತು. ದಾರ ನೋಡುತ್ತ ಇಬ್ಬರೂ ಓಡಿದರು. ಮೊದಲನೆಯದು ತಾರಸಿ ದಾಟಿ ಮಾಯವಾಯಿತು. ಎರಡನೆಯದೂ ಅಷ್ಟೆ. ಬೀದಿಯಲ್ಲಿ ಆಕಾಶ ನೋಡುತ್ತ ಓಡುವ ಹೆಂಗಸರನ್ನು ಕಂಡು ಜನ ನಿಂತು ನೋಡಿದರು.

ಮರುದಿನ ದಾರ ಕಟ್ಟಿದ ಇನ್ನೊಂದು ಕಡಜವನ್ನು ಹಾರಿಬಿಡಲು ಫಿಯೋನಾ ತಾರಸಿ ಹತ್ತಿದಳು, ಝುಬೈದಾ ಫೋನ್ ಕಿವಿಗಿಟ್ಟು ಬೀದಿಯ ತುದಿಯಲ್ಲಿ ನಿಂತರು.

"ಅಕ್ಕಾ, ನಿಮ್ಮ ತಲೆ ಮೇಲೇ ಬಂತು. ಎಡಕ್ಕೆ ಹೋಗಿ, ಆ ಹಳೇ ಗೋದಾಮು ಉಂಟಲ್ಲ, ಅಲ್ಲಿಗೇ!"

ಪಾಳುಬಿದ್ದ ಗೋದಾಮಿನ ಗೋಡೆಯ ಬಿರುಕಿನೊಳಗೆ ಬಿಳಿ ದಾರ ನುಸುಳಿ ಹೋಗುವುದನ್ನು ಝುಬೈದಾ ಕಣ್ಣಾರೆ ಕಂಡರು. ಅಕ್ಕಪಕ್ಕ ಹತ್ತಾರು ಕಡಜಗಳು ಒಳಗೆ ಹೊರಗೆ ಓಡಾಡುತ್ತಿದ್ದವು. ಖುಷಿಗೆ ಅವರ ಕಣ್ಣು ತುಂಬಿತು.

ಗೋದಾಮಿನ ಮಾಲೀಕರನ್ನು ಒಪ್ಪಿಸಿದವರು ಅಬ್ದುಸ್ಸಲಾಮ್. ಹುಳ ತೆಗೆಯುವ ಕಂಪೆನಿಯವರು ಮೈತುಂಬ ರಕ್ಷಾಕವಚ ತೊಟ್ಟು ಬಂದು, ಔಷಧ ಹೊಡೆದು, ಗೋಡೆ ಒಡೆದು, ಅಂತಸ್ತು ಅಂತಸ್ತಾಗಿ ಕಟ್ಟಿದ್ದ ದೊಡ್ಡ ಗೂಡನ್ನು ಹೊರಗೆಳೆದರು.

ಆ ವಾರವೇ ಜೇನುನೊಣಗಳು ಮತ್ತೆ ಹಾರಾಡತೊಡಗಿದವು. ಬೋರೆಯ ಮರಗಳು ಹೂಬಿಟ್ಟಾಗ ಪೆಟ್ಟಿಗೆಗಳು ಭಾರವಾದವು. ಖಾಲಿಯಾಗಿದ್ದ ಪೆಟ್ಟಿಗೆಗೂ ಹೊಸ ಸಂಸಾರ ಬಂತು. ತುಪ್ಪ ತೆಗೆದ ದಿನ ನಾದಿಯಾ ರಜೆ ಹಾಕಿ ಬಂದಳು. ಫಿಯೋನಾ ಎರಡು ಬೆರಳು ಅದ್ದಿ ನೆಕ್ಕಿದಳು. ಅಷ್ಟರಲ್ಲಿ ಸುದ್ದಿ ಕೇಳಿದ ಶಹಾಮಾದ ಜೇನು ಸಾಕಣೆಗಾರರೊಬ್ಬರ ಫೋನ್ ಬಂತು: ಅವರ ತೋಟದಲ್ಲೂ ಕಡಜದ ಕಾಟ, ಗೂಡು ಹುಡುಕಿಕೊಡಬೇಕಂತೆ. ಝುಬೈದಾ ಫೋನಿಟ್ಟು ಗಂಡನತ್ತ ನೋಡಿದರು. ಅಬ್ದುಸ್ಸಲಾಮ್ ಆಗಲೇ ಕಾರಿನ ಕೀ ಹಿಡಿದು ನಿಂತಿದ್ದರು.