ತೀರಿಹೋದ ಅಕ್ಕನ ವಯಸ್ಸು

ವೈಜ್ಞಾನಿಕ ಕಾದಂಬರಿ ಬರೆಯುವವನಿಗೆ ಸಭೆಗಳಲ್ಲಿ ಒಂದು ಪ್ರಶ್ನೆ ಕಡ್ಡಾಯ: "ಇದು ನಿಮಗೆ ಹೇಗೆ ಹೊಳೆಯಿತು?" ನಾನು ಕನ್ನಡಕ ತೆಗೆದು, ಒರೆಸಿ, ಕಾಲ, ವೇಗ, ಸಾಪೇಕ್ಷತೆ ಎಂದು ಕೆಲವು ಘನವಾದ ಶಬ್ದಗಳನ್ನು ಸಭೆಗೆ ದಯಪಾಲಿಸುತ್ತೇನೆ. ಮೂಡುಬಿದಿರೆಯಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನ ಬಾಯಿಗೆ ಅದು ಒಪ್ಪುತ್ತದೆ. ನಿಜ ಸಂಗತಿ ಬೇರೆ. ಜನ ಹೆಚ್ಚು ಓದಿದ ನನ್ನ ಕಾದಂಬರಿ ಹುಟ್ಟಿದ್ದು ಬೆಳ್ತಂಗಡಿ ಕಡೆಯ ಒಂದು ಮನೆಯ ಜಗಲಿಯಲ್ಲಿ, ತೀರಿಹೋದ ನನ್ನ ಅಕ್ಕನಿಗೆ ಗಂಡು ನೋಡಲು ಹೋಗಿದ್ದಾಗ.

ಅಕ್ಕ ಮೂರು ತಿಂಗಳ ಕೂಸಾಗಿದ್ದಾಗಲೇ ತೀರಿಕೊಂಡಳು. ಅದಾಗಿ ಎರಡು ವರ್ಷಕ್ಕೆ ನಾನು ಹುಟ್ಟಿದೆ. ಬಂಟ್ವಾಳದ ನಮ್ಮ ಮನೆಯಲ್ಲಿ ಅವಳದೊಂದು ಫೋಟೊ ಕೂಡ ಇರಲಿಲ್ಲ. ನನಗೆ ಇಪ್ಪತ್ತೆಂಟು ದಾಟಿದರೂ ಯಾವ ಸಂಬಂಧವೂ ಕೂಡಿಬರದಿದ್ದಾಗ ಜೋಯಿಸರು ಕವಡೆ ಹರಡಿ ನೋಡಿದರು. "ಮದುವೆಯಾಗದ ದೊಡ್ಡ ಹುಡುಗಿ ಮನೆಯಲ್ಲಿ ಕೂತಿದ್ದಾಳೆ. ತಮ್ಮನದು ಹೇಗೆ ಆಗ್ತದೆ?" ಎಂದರು.

ನಮ್ಮ ಕಡೆಯ ನಂಬಿಕೆಯಲ್ಲಿ ಸತ್ತ ಮಕ್ಕಳೂ ವರ್ಷಕ್ಕೊಂದು ವರ್ಷ ಬೆಳೆಯುತ್ತಾರೆ. ಪ್ರಾಯ ಬಂದಾಗ ಇನ್ನೊಂದು ಮನೆಯ ಸತ್ತ ಹುಡುಗನನ್ನು ಹುಡುಕಿ ಮದುವೆ ಮಾಡಿಸಬೇಕು. ಕುಲೆ ಮದುವೆ ಎನ್ನುತ್ತಾರೆ. ಗಂಡು ಹುಡುಕುವ ಕೆಲಸ ತಮ್ಮನಾದ ನನ್ನದು ಎಂದು ಅಮ್ಮ ತೀರ್ಮಾನಿಸಿದಳು. ಮಾಣಿ ಎಂಬ ಊರಿನ ಕಡೆಯ ಮೊದಲ ಸಂಬಂಧ ಬಿದ್ದುಹೋಯಿತು. ಹುಡುಗ ಅಕ್ಕನಿಗಿಂತ ಒಂದು ವರ್ಷ ಸಣ್ಣವನು. "ನಾಳೆ ನಾಲ್ಕು ಜನ ನಗುವುದು ಬೇಡ" ಎಂದಳು ಅಮ್ಮ. ಎಲ್ಲಿಯ ನಾಲ್ಕು ಜನ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಬೆಳ್ತಂಗಡಿಯ ಮನೆಯಲ್ಲಿ ಕುಲ ನೋಡಿದೆವು, ಹೊಂದಿತು. ಪ್ರಾಯ ನೋಡಿದೆವು, ಅದೂ ಹೊಂದಿತು. ಚಹಾ ಬಂತು. ಸಂಬಂಧದ ಮಾತಿನಲ್ಲಿ ಪ್ರತಿ ಬಾರಿ ನನ್ನ ಬಗ್ಗೆ ಕೇಳಿಸಿಕೊಂಡಿದ್ದ ಪ್ರಶ್ನೆ ಅಭ್ಯಾಸಬಲದಿಂದ ನನ್ನ ಬಾಯಿಂದಲೇ ಜಾರಿತು.

"ಹುಡುಗ ಎಂತ ಮಾಡಿಕೊಂಡಿದ್ದಾನೆ?"

ಹುಡುಗನ ಅಪ್ಪ ಲೋಟ ಕೆಳಗಿಟ್ಟರು. ನಾನು ನೆಲ ನೋಡಿದೆ. ಬಾಗಿಲ ಬಳಿ ನಿಂತಿದ್ದ ಅವನ ತಾಯಿಯೇ ಉತ್ತರ ಕೊಟ್ಟರು: "ಒಂದನೇ ಕ್ಲಾಸಲ್ಲಿದ್ದ. ಜ್ವರ ಬಂತು." ಆಮೇಲೆ ತಮ್ಮ ತಲೆಗಿಂತ ಒಂದು ಗೇಣು ಮೇಲೆ ಬಾಗಿಲ ಚೌಕಟ್ಟಿಗೆ ಕೈಯಿಟ್ಟರು. "ಈಗ ಮೂವತ್ತೆರಡು. ಇಷ್ಟೆತ್ತರ ಇದ್ದಾನೆ. ಸಿಟ್ಟು ಸ್ವಲ್ಪ ಜಾಸ್ತಿ. ನಿಮ್ಮ ಅಕ್ಕ ಸುಧಾರಿಸಿಕೊಂಡು ಹೋಗ್ತಾರಾ?"

"ಅಕ್ಕನಿಗೆ ತಾಳ್ಮೆ ಉಂಟು" ಎಂದೆ. ಸುಳ್ಳು ಹೇಳಿದೆ ಅನ್ನಿಸಲಿಲ್ಲ. ಅವರ ಕೈ ಇದ್ದ ಎತ್ತರದಲ್ಲಿ ಯಾರೋ ನನ್ನನ್ನು ನೋಡುತ್ತಿದ್ದ ಹಾಗಿತ್ತು. ಅಂದಿನಿಂದ ನಮ್ಮ ಮನೆಯ ಬಾಗಿಲನ್ನು, ಅಲ್ಲಿ ನಿಂತ ಯಾರಿಗೋ ಜಾಗ ಬಿಡುವಂತೆ, ಒಂದಿಷ್ಟು ಬದಿಗೆ ಸರಿದು ದಾಟುವುದು ರೂಢಿಯಾಯಿತು. ವಿಜ್ಞಾನದಲ್ಲಿ ಇದಕ್ಕೆ ಆಧಾರವಿಲ್ಲ.

ಒಂದು ಕುರ್ಚಿಯಲ್ಲಿ ಸೀರೆ, ಇನ್ನೊಂದರಲ್ಲಿ ಪಂಚೆ-ಅಂಗಿ ಇಟ್ಟು ಮದುವೆ ನಡೆಯಿತು. ಅಮ್ಮ ಸೀರೆಯ ನೆರಿಗೆಯನ್ನು ಮತ್ತೆ ಮತ್ತೆ ಸರಿಪಡಿಸಿದಳು. ವರ್ಷದೊಳಗೆ ನನ್ನದೂ ಆಯಿತು. ಯಾರ ದಯೆಯಿಂದ ಎಂಬ ಬಗ್ಗೆ ನನ್ನ ಹೆಂಡತಿ ಇಂದಿಗೂ ಅಭಿಪ್ರಾಯ ಹೇಳಿಲ್ಲ.

ಕಾದಂಬರಿ ಬರೆದದ್ದು ಎಷ್ಟೋ ವರ್ಷಗಳ ನಂತರ. ದಾರಿ ತಪ್ಪಿದ ಗಗನನೌಕೆಯಲ್ಲಿ ಒಬ್ಬ ಹೆಣ್ಣುಮಗಳು. ಭೂಮಿಯ ಕಚೇರಿಯೊಂದು ಅವಳು ಇದ್ದಾಳೋ ಇಲ್ಲವೋ ತಿಳಿಯದೆ ಪ್ರತಿವರ್ಷ ಅವಳ ವಯಸ್ಸಿಗೆ ಒಂದು ಸೇರಿಸುತ್ತದೆ. ಕೊನೆಯ ಪುಟದಲ್ಲಿ ಅವಳು ಕಿಟಕಿಯ ಬಳಿ ಒಂಟಿ. ಓದುಗರು ಅತ್ತರು; ಪುಸ್ತಕ ಮರುಮುದ್ರಣವಾಗುತ್ತಲೇ ಹೋಯಿತು.

ಅಮ್ಮನಿಗೆ ಈಗ ಕಣ್ಣು ಮಂಜು. ಎರಡು ವರ್ಷದ ಹಿಂದೆ ಹೆಂಡತಿ ಮಧ್ಯಾಹ್ನಗಳಲ್ಲಿ ಅವಳಿಗೆ ಅದನ್ನು ಓದಿ ಮುಗಿಸಿದಳು. ಅಮ್ಮ ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

"ಇವಳು ನಮ್ಮ ಹುಡುಗಿ ಅಲ್ವಾ?" ಮೂರನೆಯ ದಿನ ಕೇಳಿದಳು.

"ಅದು ಕಥೆ ಅಮ್ಮ."

"ಮದುವೆ ಮಾಡಿ ಕಳಿಸಿದ್ದೇವೆ ಮಾರಾಯ! ಒಂಟಿ ಅಂತ ಊರಿಗೆಲ್ಲ ಬರೆದೆಯಲ್ಲ, ಅವಳ ಗಂಡನ ಮನೆಯವರು ಓದಿದರೆ?" ಆಮೇಲೆ ದನಿ ಇಳಿಸಿದಳು. "ನಾನಿನ್ನು ಎಷ್ಟು ದಿನ? ಅಲ್ಲಿಗೆ ಹೋದಾಗ ಅವಳು ಕೇಳಿದರೆ ಎಂತ ಹೇಳಲಿ?"

ತೀರಿಕೊಂಡವರಿಗೆ ಮಳೆಗಾಲದ ಆಟಿ ತಿಂಗಳಲ್ಲಿ ಎಲೆ ಹಾಕಿ ಬಡಿಸಿ, ಬಾಗಿಲು ಮುಚ್ಚಿ, ಹೊರಗೆ ಕಾಯುವ ಕ್ರಮವಿದೆ. ಮದುವೆಯಾಗಿ ಹೋದವಳೆಂದು ಅಕ್ಕನಿಗೆ ನಮ್ಮಲ್ಲಿ ಎಲೆ ನಿಂತಿತ್ತು. ಆ ವರ್ಷ ಅಮ್ಮ ಅವಳನ್ನು ತವರಿಗೆ ಕರೆದಳು. ಎಲೆಯ ಮುಂದೆ ನಿಂತು, ತರಗತಿಗೆ ಪಾಠ ಹೇಳುವ ಗಂಭೀರ ಕಂಠದಲ್ಲಿ, "ಅಕ್ಕ, ತಪ್ಪಾಯಿತು" ಎಂದೆ. ಬಾಗಿಲು ಮುಚ್ಚಿದೆವು. ಒಳಗಿಂದ ಯಾವ ಸದ್ದೂ ಬರಲಿಲ್ಲ. ಬರಬಾರದು ಎಂದು ನಾನು ಕಿವಿಗೊಟ್ಟು ನಿಂತಿದ್ದೆ.

ಬಾಗಿಲು ತೆರೆದು ಅಮ್ಮ ಎಲೆಯನ್ನು ನೋಡಿದಳು. "ಬೇಸರ ಹೋಗಲಿಲ್ಲ ಅವಳಿಗೆ."

"ನಿನಗೆ ಹೇಗೆ ಗೊತ್ತು?"

"ನಕ್ಷತ್ರದ ಹತ್ತಿರ ಎಂತ ಉಂಟು ಅಂತ ನಿನಗೆ ಹೇಗೆ ಗೊತ್ತು?"

ಮುಂದಿನ ಮುದ್ರಣಕ್ಕೆ ನಾನು ಒಂದೇ ವಾಕ್ಯ ಸೇರಿಸಿದೆ: ನೌಕೆಯೊಳಗಿಂದ ಒಬ್ಬ ಗಂಡಸು ಬಂದು ಅವಳ ಪಕ್ಕದಲ್ಲಿ ನಿಲ್ಲುತ್ತಾನೆ. "ಸಾರ್, ಜನ ಅಳುವುದೇ ಆ ಪುಟದಲ್ಲಿ, ಹಾಳು ಮಾಡಬೇಡಿ" ಎಂದು ಪ್ರಕಾಶಕರು ಗೋಗರೆದರು. ಇನ್ನೂರು ಪುಟಗಳಲ್ಲಿ ಎಲ್ಲೂ ಕಾಣದ ಮನುಷ್ಯ ಎಲ್ಲಿಂದ ಬಂದ ಎಂದು ಓದುಗರೊಬ್ಬರು ಕಾರ್ಡು ಬರೆದರು. ನ್ಯಾಯವಾದ ಪ್ರಶ್ನೆ.

ಹೊಸ ಪ್ರತಿಯ ಕೊನೆಯ ಪುಟವನ್ನು ಅಮ್ಮನಿಗೆ ನಾನೇ ಓದಿದೆ. ಇನ್ನೊಮ್ಮೆ ಓದಿಸಿದಳು.

"ಅವರು ಎಂತ ಮಾತಾಡ್ತಾರೆ?"

"ಅದು ಬರೆದಿಲ್ಲ."

"ಒಳ್ಳೆಯದಾಯ್ತು. ಗಂಡ-ಹೆಂಡತಿ ಮಾತು ನಿನಗೆ ಯಾಕೆ?"

ಪುಸ್ತಕ ಮುಚ್ಚಿದೆ.

"ಮೆಲ್ಲ ಮಗಾ," ಎಂದಳು ಅಮ್ಮ, "ಮೆಲ್ಲ ಮುಚ್ಚು."