ಟ್ಯೂಬಿನ ಮೇಲೆ ಹೊಳೆಗಿಳಿದ ಮಾವ

ಬಿಸಿಲಿಗೆ ಕಾದ ರಬ್ಬರಿನ ವಾಸನೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಹೋದ ತಿಂಗಳು ಮಗಳ ಸ್ಕೂಟಿಯಲ್ಲಿ ಹಿಂದೆ ಕೂತು ಜೇವರ್ಗಿಯಿಂದ ಯಡ್ರಾಮಿಗೆ ಒಂದು ಮದುವೆಗೆ ಹೊರಟಿದ್ದೆ. ಊರು ದಾಟುವ ಮೊದಲೇ ಹಿಂದಿನ ಗಾಲಿ ಕೂತಿತು. ರಸ್ತೆ ಪಕ್ಕದ ಪಂಕ್ಚರ್ ಅಂಗಡಿಯ ಚಾಚಾ ನಮ್ಮ ರೇಷ್ಮೆ ಸೀರೆಗಳನ್ನು ನೋಡಿ, ಸ್ಟೂಲನ್ನು ಬಟ್ಟೆಯಿಂದ ಎರಡೆರಡು ಸಲ ಒರೆಸಿ, "ಕುಂದರ್ರಿ ಅಕ್ಕಾ, ಸ್ವಲ್ಪ ಹೊತ್ತಾಗತದ" ಎಂದ. ಸ್ಟೂಲಿನ ಪಕ್ಕದಲ್ಲೇ ಟ್ರ್ಯಾಕ್ಟರಿನ ದೊಡ್ಡ ಟ್ಯೂಬೊಂದು ಗೋಡೆಗೆ ಒರಗಿತ್ತು. ಆ ವಾಸನೆ ಮೂಗಿಗೆ ಹೊಡೆದದ್ದೇ ತಡ, ನನಗೆ ಮದುವೆ ಊಟವೇ ಬೇಡವಾಯಿತು.

ಮಗಳಿಗೆ ಇದ್ಯಾವುದೂ ಗೊತ್ತಿಲ್ಲ. ಅವಳು ಮೊಬೈಲ್ ತೆಗೆದಳು. ಸಮುದ್ರದ ಅಲೆಯ ಮೇಲೆ ಹಲಗೆ ಹಾಕಿಕೊಂಡು ಜಾರುವವರನ್ನು ನೋಡುವ ಹುಚ್ಚು ಅವಳಿಗೆ. ಸಮುದ್ರವನ್ನು ಕಣ್ಣಾರೆ ಕಂಡವಳಲ್ಲ, ಆದರೆ ಯಾರ ಆಟ ಹೇಗೆ ಎಂಬುದೆಲ್ಲ ಬಾಯಿಪಾಠ. "ನೋಡವ್ವ, ಇದು ಹಳೇ ಕಾಲದ್ದು. ಉದ್ದನ್ನ ಕಟ್ಟಿಗಿ ಹಲಗಿ" ಎಂದು ತೋರಿಸಿದಳು. ಬಿಳಿ ಗಡ್ಡದ ಒಬ್ಬ ಮುದುಕ ಬಸ್ಸಿಗೆ ಕಾಯುವವನಂತೆ ಹಲಗೆಯ ಮೇಲೆ ನಿಂತಿದ್ದ. ಅವಸರವಿಲ್ಲದೆ ಹಲಗೆಯ ತುದಿಗೆ ನಡೆದು ಹೋಗಿ, ಅಲ್ಲೂ ಹಾಗೇ ನಿಂತ. ಆಮೇಲೆ ಸಣ್ಣ ಹಲಗೆಯ ಹುಡುಗರು ಬಂದರು. ಅಲೆಯನ್ನು ಸೀಳುವುದು, ಗರ್ರನೆ ತಿರುಗುವುದು, ಗಾಳಿಗೆ ಹಾರುವುದು. "ಹಲಗಿ ಸಣ್ಣದಾತು, ಆಟಾನೇ ಬದಲಾತು" ಎಂದಳು. ನನಗೆ ಹಿಡಿಸಿದ್ದು ಆ ಮುದುಕನೇ. ನೀರಿನ ಮೇಲೆ ಅಷ್ಟು ನಿರಾಳವಾಗಿ ಇದ್ದವನನ್ನು ನಾನು ಕಂಡದ್ದು ಒಬ್ಬನನ್ನೇ... ನನ್ನ ಸೋದರಮಾವನನ್ನು.

ನಾನು ಹುಟ್ಟಿದ್ದು ಮಣ್ಣೂರಿನಲ್ಲಿ, ಭೀಮೆಯ ದಂಡೆಗೆ. ಅವ್ವನ ತವರು ಎದುರು ದಂಡೆ. ಬೇಸಿಗೆಯಲ್ಲಿ ಸೀರೆ ಎತ್ತಿ ಕಟ್ಟಿ ದಾಟುವ ಹೊಳೆ, ಶ್ರಾವಣದಲ್ಲಿ ಎರಡೂ ದಂಡೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಬಸ್ಸಿನಲ್ಲಿ ಸೇತುವೆ ಸುತ್ತಿ ಹೋದರೆ ಒಂದು ದಿನದ ದಾರಿ. ಅದಕ್ಕೇ ನಮ್ಮಲ್ಲಿ ಹೊಳೆಗೆ ಇಳಿಯುವವರಿಗೆ ಊರಲ್ಲಿ ಒಂದು ತೂಕ ಇತ್ತು. ಒಬ್ಬೊಬ್ಬರದೂ ಒಂದೊಂದು ರೀತಿ. ಎರಡು ಒಣ ಸೋರೆ ಬುರುಡೆಗಳನ್ನು ಸೊಂಟಕ್ಕೆ ಕಟ್ಟಿಕೊಂಡು, ಬರೀ ತಲೆ ಕಾಣುವಂತೆ ಹೋಗುವವರೇ ಹೆಚ್ಚು. ಮೀನು ಹಿಡಿಯುವ ಅಜ್ಜನೊಬ್ಬ ನಡುಹೊಳೆಯಲ್ಲಿ ಬೀಡಿ ಸೇದುತ್ತ ಹೋಗುತ್ತಿದ್ದ. ಬೀಡಿ ಆರಿದ್ದನ್ನು ಯಾರೂ ನೋಡಿರಲಿಲ್ಲ. ಮಾವನದು ಬೇರೆ. ಒಂದೇ ದೊಡ್ಡ ಬುರುಡೆ, ಅದೂ ಎದೆಯ ಕೆಳಗೆ. ಕಾಲು ಎರಡೂ ಸಡಿಲ. ಸೆಳವಿಗೆ ಎದುರು ಬೀಳದೆ, ಅದರ ಜೊತೆ ಓರೆಯಾಗಿ ಜಾರುತ್ತ ಬಂದು ನಮ್ಮೂರ ಪಾವಟಿಗೆಯ ಕಲ್ಲುಮೆಟ್ಟಿಲಿಗೇ ಸರಿಯಾಗಿ ಹತ್ತುತ್ತಿದ್ದ.

ನಾಗರ ಪಂಚಮಿಗೆ ಅವ್ವನನ್ನು ತವರಿಗೆ ಕರೆಯಲು ಅವನು ಬರುತ್ತಿದ್ದದ್ದು ಹೀಗೆಯೇ. ಆವತ್ತು ಮಾತ್ರ ಮುಂದೆ ಒಂದು ಹೊರಸು, ಹಗ್ಗ ಹೆಣೆದ ಮಂಚ, ಇರುತ್ತಿತ್ತು. ಹೊರಸಿನ ಅಡಿಗೆಲ್ಲ ಬುರುಡೆ ಕಟ್ಟಿ, ಅದನ್ನು ತಳ್ಳುತ್ತ ಹಿಂದೆ ಈಜುತ್ತ ಬರುತ್ತಿದ್ದ. ಹೋಗುವಾಗ ಅದರ ಮೇಲೆ ಅವ್ವ, ಅವ್ವನ ತೊಡೆಯ ಮೇಲೆ ನಾನು. ಹೊಸ ಸೀರೆಯ ಸೆರಗೂ ನೆನೆಯುತ್ತಿರಲಿಲ್ಲ. ನಡುಹೊಳೆಗೆ ಬಂದ ಕೂಡಲೇ ಮಾವ ಒಂದು ಕೂಗು ಹಾಕುತ್ತಿದ್ದ. "ತಂಗೀ, ತಯಾರಾಗೀಯೇನು?" ಅವ್ವ ಪಾವಟಿಗೆಯ ಮೇಲೆ ನಿಂತು, ಅಡುಗೆಮನೆಯಲ್ಲಿ ಮಾತಾಡುವ ದನಿಯಲ್ಲೇ "ಹೂಂ ಅಣ್ಣಾ, ಬಾ" ಎನ್ನುತ್ತಿದ್ದಳು. ಅಷ್ಟು ಮೆತ್ತಗೆ ಹೇಳಿದ್ದೂ ಅವನಿಗೆ ಕೇಳಿಸುತ್ತಿತ್ತು. ಅಲ್ಲಿಂದಲೇ ಕೈ ಎತ್ತುತ್ತಿದ್ದ. ನನಗೆ ಅದು ದೊಡ್ಡ ಜಾದೂ ಅನಿಸುತ್ತಿತ್ತು.

ಆಮೇಲೆ ಟ್ಯೂಬುಗಳ ಕಾಲ ಬಂತು. ಲಾರಿಯದು, ಟ್ರ್ಯಾಕ್ಟರಿನದು, ಯಾರಿಗೆ ಯಾವುದು ಸಿಕ್ಕಿತೋ ಅದು. ಬುರುಡೆಯವರು ನೀರೊಳಗೆ ಮಲಗಿ ಹೋಗುತ್ತಿದ್ದರೆ, ಟ್ಯೂಬಿನವರು ನೀರಿನ ಮೇಲೆ ಕೂತು ಹೋಗತೊಡಗಿದರು. ಅಫಜಲಪುರದ ಗ್ಯಾರೇಜಿನಿಂದ ಬಂದ ಒಬ್ಬ ಹುಡುಗನಂತೂ ಟ್ಯೂಬಿನ ಮೇಲೆ ಎದ್ದು ನಿಂತು ಟೋಪಿ ತೆಗೆದು ಹೆಂಗಸರಿಗೆ ಸಲಾಂ ಹೊಡೆಯುತ್ತಿದ್ದ. ಸುಳ್ಳು ಯಾಕೆ ಹೇಳಲಿ, ನನಗೂ ಅವನು ಇಷ್ಟವಾಗಿದ್ದ. ಊರೆಲ್ಲ ಅವನದೇ ಮಾತು. ಬುರುಡೆ ಕಟ್ಟಿಕೊಂಡವರನ್ನು ಕಂಡರೆ ನಗುವುದು ಶುರುವಾಯಿತು.

ಅವ್ವನಿಗೆ ಆ ನಗು ತಾಗಿತು. ನಮ್ಮ ಮನೆಯಲ್ಲಿ ಅಪ್ಪನ ಅಣ್ಣನ ಹೆಂಡತಿ, ದೊಡ್ಡವ್ವನ ತವರಿನವರು ಜೀಪಿನಲ್ಲಿ ಬರುವ ಮಂದಿ. ದೊಡ್ಡವ್ವ ಪಂಚಮಿಯ ಹಿಂದಿನ ದಿನದಿಂದಲೇ "ನಿಮ್ಮಣ್ಣನ ಹೊರಸ ಹೊಂಟತೇನು?" ಎಂದು ಚುಚ್ಚುತ್ತಿದ್ದಳು. ಒಂದು ವರ್ಷ ತವರಿನಿಂದ ಮರಳುವಾಗ ಅವ್ವ ಹೊರಸಿನ ಮೇಲೆ ಕೂತೇ ಮಾವನಿಗೆ ಹೇಳಿದಳು. "ಮುಂದಿನ ಸಲ ಟ್ಯೂಬ್ ತಗೊಂಡ ಬಾ ಅಣ್ಣಾ. ಈ ಬುರುಡಿ ನೋಡಿ ಮಂದಿ ನಗತಾರ."

ಮಾವ ಹೊರಸನ್ನು ದಂಡೆಯ ಕಡೆ ಓರೆಗೆ ತಿರುಗಿಸಿದ. ಆಮೇಲೆ "ಆತಳ್ ತಂಗಿ" ಎಂದ.

ಮುಂದಿನ ಪಂಚಮಿಗೆ ಅವ್ವ ಹಸಿರು ಇಳಕಲ್ ಸೀರೆ ಉಟ್ಟು, ತಲೆ ತುಂಬ ಹೂ ಮುಡಿದು ಪಾವಟಿಗೆಯ ಮೇಲೆ ನಿಂತಿದ್ದಳು. ಪಕ್ಕದಲ್ಲಿ ನಾನು, ಸುತ್ತ ಊರ ಹೆಂಗಸರು, ಎಲ್ಲರಿಗಿಂತ ಮುಂದೆ ದೊಡ್ಡವ್ವ. ಎದುರು ದಂಡೆಯಿಂದ ಮಾವ ಇಳಿದ. ಟ್ರ್ಯಾಕ್ಟರಿನ ಟ್ಯೂಬು, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಇಸ್ತ್ರಿ ಅಂಗಿ ತೊಟ್ಟು ಕೂತ ಮಾವ. ಹುಟ್ಟಿನಿಂದ ನೀರೊಳಗೆ ಮಲಗಿದವನು ಅಷ್ಟು ಎತ್ತರದಲ್ಲಿ ಕೂತರೆ ಕಾಲು ನೀರಿಗೆ ಎಟುಕಬೇಕಲ್ಲ. ದುಂಡನೆಯ ಟ್ಯೂಬಿಗೆ ಹಿಂದಿಲ್ಲ ಮುಂದಿಲ್ಲ. ಸೆಳವು ಹಿಡಿದದ್ದೇ ತಿರುಗತೊಡಗಿತು. ಮುಖ ಒಮ್ಮೆ ನಮ್ಮ ಕಡೆ, ಒಮ್ಮೆ ಅವರೂರ ಕಡೆ. ಕೈಯಲ್ಲಿ ನೀರು ಬಡಿದಷ್ಟೂ ಇನ್ನಷ್ಟು ಗಿರಗಿರ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಗುತ್ತಿದ್ದೆ, ಅವ್ವನ ಮುಖ ನೋಡುವವರೆಗೆ.

ಅಂಥ ಪಾಡಿನಲ್ಲೂ ಮಾವ ನಡುಹೊಳೆಗೆ ಬಂದಾಗ ಕೂಗಿದ. "ತಂಗೀ, ತಯಾರಾಗೀಯೇನು?"

ದೊಡ್ಡವ್ವ ನಕ್ಕು ನಕ್ಕು ಬಂದ ಕಣ್ಣೀರು ಒರೆಸಿಕೊಳ್ಳುತ್ತ, "ಯಾರಬೇ ಅಂವ? ನಿಮ್ಮಣ್ಣ ಏನು?" ಎಂದಳು.

"ನಮ್ಮಣ್ಣ ಯಾಕ ಆಗತಾನ?" ಎಂದಳು ಅವ್ವ. "ಯಾರೋ ಹುಚ್ಚ ಇದ್ದಾನ, ಕುಡದಾನೋ ಏನೋ."

ದನಿ ಎತ್ತಿ ಹೇಳಿದ್ದಲ್ಲ. ಅಡುಗೆಮನೆಯ ಅದೇ ದನಿ... ಮಾವ ನೀರು ಬಡಿಯುವುದನ್ನು ನಿಲ್ಲಿಸಿದ. ಮತ್ತೆ ಕೂಗಲಿಲ್ಲ. ಟ್ಯೂಬು ಅವನನ್ನು ತಿರುಗಿಸುತ್ತ ಪಾವಟಿಗೆ ದಾಟಿಸಿ, ಕೆಳಗಿನ ಜಾಲಿಯ ಮರೆಗೆ ಒಯ್ದಿತು. ಅವ್ವ ನನ್ನ ಕೈಯನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದಿದ್ದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅಷ್ಟು ಸಣ್ಣ ವಯಸ್ಸಿನಲ್ಲಿ ಅಷ್ಟು ನಾಚಿಕೆ ಎಲ್ಲಿಂದ ಬಂತೋ ತಿಳಿಯದು. ಅದು ಮಾವನಿಗಾಗಿಯೋ, ಅವ್ವನಿಗಾಗಿಯೋ ಇವತ್ತಿಗೂ ಹೇಳಲಾರೆ.

ಸಂಜೆ ಎಮ್ಮೆ ಕಾಯುವವನೊಬ್ಬ ಒಂದು ಡಬ್ಬಿ ತಂದುಕೊಟ್ಟ. ಒಳಗೆ ಪಂಚಮಿ ಉಂಡಿ, ಒಂದೂ ನೆನೆದಿರಲಿಲ್ಲ. "ಜಾಲ್ಯಾಗ ಒಬ್ಬ ಹಿರ್ಯಾ ದಂಡಿ ಹತ್ತಿದ್ನರಿ. ಇದನ್ನ ಕೊಡು ಅಂದು ಬಸ್ಸಿಗಿ ಹೋದ" ಎಂದ. ನಮ್ಮ ದಂಡೆಗೇ ಹತ್ತಿದವನು, ನಮ್ಮ ಮನೆಗೆ ಬರದೆ ಸೇತುವೆ ಸುತ್ತಿ ತನ್ನೂರಿಗೆ ಹೋಗಿದ್ದ. ಅವ್ವ ಡಬ್ಬಿಯನ್ನು ಅಪ್ಪಿಕೊಂಡು ಅಡುಗೆಮನೆಗೆ ಹೋದಳು. ಆ ವರ್ಷ ಅವಳು ತವರಿಗೆ ಹೋಗಲಿಲ್ಲ.

ಮರುವರ್ಷ ಮಾವ ಬಸ್ಸಿನಲ್ಲಿ ಬಂದ. ಆಮೇಲೆಲ್ಲ ಬಸ್ಸೇ. ಒಂದು ಪಂಚಮಿಯನ್ನೂ ತಪ್ಪಿಸಲಿಲ್ಲ, ಒಂದು ಮಾತೂ ಎತ್ತಲಿಲ್ಲ. ಅಂಗಳದಲ್ಲಿ ನಿಂತು ಸುಮ್ಮನೆ ಕೆಮ್ಮುತ್ತಿದ್ದ, ಅವ್ವ ಚೀಲ ಹಿಡಿದು ಹೊರಗೆ ಬರುತ್ತಿದ್ದಳು. ಬುರುಡೆಗಳನ್ನು ಅವನ ಮನೆಯಲ್ಲಿ ಯಾರೋ ಬೀಜ ತುಂಬಿಡಲು ಕೊಯ್ದಿದ್ದರು.

ನನ್ನ ಮದುವೆ ಜೇವರ್ಗಿ ಕಡೆ ಗೊತ್ತಾದಾಗ ನಾನು ಧೈರ್ಯ ಮಾಡಿ ಮಾವನನ್ನು ಕೇಳಿದೆ, ಹೊಳೆಗೆ ಯಾಕೆ ಇಳಿಯುವುದಿಲ್ಲ ಎಂದು. "ವಯಸ್ಸಾತಲ್ಲವ್ವ" ಎಂದ. ಎಲೆಗೆ ಸುಣ್ಣ ಹಚ್ಚಿ ಮುಗಿಸಿ ಮತ್ತೆ ಹೇಳಿದ. "ನೀರಿನ ಮ್ಯಾಲ ಮಾತು ಭಾಳ ದೂರ ಬರತದ. ನಿಮ್ಮವ್ವಗ ಹೇಳಬ್ಯಾಡ. ನಾಚತಾಳ."

ಅವ್ವನೂ ಸುಮ್ಮನಿರಲಿಲ್ಲ. ಹೊಳೆದಂಡೆಯ ಘತ್ತರಗಿಯ ಭಾಗ್ಯವಂತಿ ಗುಡಿಗೆ ಹೋದಾಗ, ಕೈಮುಗಿದು ಹೊರಬಂದು ಹೊಳೆ ಕಂಡ ಕೂಡಲೇ ನನ್ನನ್ನು ಕೇಳುತ್ತಿದ್ದಳು. "ಆವತ್ತು ಅವಂಗ ಕೇಳಿಸಿರಾಕಿಲ್ಲ, ಅಲ್ಲೇನು?" ನಾನು ಮಾವನಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು "ಇಲ್ಲಳವ್ವ, ಅಷ್ಟ್ ದೂರ ಹೆಂಗ ಕೇಳಸತದ" ಎನ್ನುತ್ತಿದ್ದೆ. ಅವಳು ತಲೆ ಆಡಿಸುತ್ತಿದ್ದಳು. ನಂಬಿದಂತೆ ಕಾಣುತ್ತಿರಲಿಲ್ಲ. ನಂಬದವಳು ಯಾಕೆ ಮತ್ತೆ ಮತ್ತೆ ಕೇಳುತ್ತಿದ್ದಳೋ...

ಅವ್ವ ತೀರಿಕೊಂಡಾಗ ತವರಿನ ಸೀರೆ ತಂದವನು ಮಾವನೇ. ಹಸಿರು ಇಳಕಲ್. ನಮ್ಮ ಪದ್ಧತಿಯಂತೆ ಕೂರಿಸಿದ್ದ ಅವಳ ಮೈಮೇಲೆ ಸೀರೆ ಹೊದಿಸಿ, ಕಿವಿಯ ಹತ್ತಿರ ಬಾಗಿ, ನನಗೆ ಮಾತ್ರ ಕೇಳುವಷ್ಟು ಮೆತ್ತಗೆ ಅಂದ. "ತಂಗೀ, ತಯಾರಾಗೀಯೇನು?" ಉತ್ತರ ಕೇಳುವವನಂತೆ ಕಿವಿಯನ್ನು ಇನ್ನಷ್ಟು ಹತ್ತಿರ ಒಯ್ದ. ಎರಡು ವರ್ಷದ ಮೇಲೆ ಅವನೂ ಹೋದ. ನನ್ನ ಮಗಳು ಅವನನ್ನು ಕಂಡವಳಲ್ಲ.

ಪಂಕ್ಚರ್ ಅಂಗಡಿಯಲ್ಲಿ ಮಗಳು ಮೊಬೈಲನ್ನು ಮತ್ತೆ ನನ್ನ ಮುಖಕ್ಕೆ ಹಿಡಿದಳು. ಯಾರೋ ಹಲಗೆಯಿಂದ ಜಾರಿ, ಕೈಕಾಲು ಬಡಿಯುತ್ತ ನೀರಿಗೆ ಬಿದ್ದ. ಅವಳು ನಕ್ಕಳು. ನಾನೂ ನಗುತ್ತ, "ನಮ್ಮೂರ ಹೊಳ್ಯಾಗೂ ಒಬ್ಬಾಂವ ಟ್ಯೂಬಿನ ಮ್ಯಾಲ ಕುಂತು ಹಿಂಗೇ ಗಿರಗಿರ ತಿರಗಿದ್ದ ನೋಡು" ಎಂದೆ. ಚಾಚಾ ಕೂಡ ಕೆಲಸ ನಿಲ್ಲಿಸಿ ನಕ್ಕ.

ಒಬ್ಬಾಂವ. ನನ್ನ ಬಾಯಲ್ಲೇ ಬಂದ ಮಾತು. ಅವ್ವನ ದನಿಯೇ ಅದು.

"ಯಾರವ್ವಾ ಅಂವ?" ಮಗಳು ಕೇಳಿದಳು.

ಚಾಚಾ ನಮ್ಮ ಗಾಲಿಯ ಟ್ಯೂಬನ್ನು ನೀರು ತುಂಬಿದ ಕಬ್ಬಿಣದ ಬುಟ್ಟಿಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದ.

"ನಮ್ಮವ್ವನ ಅಣ್ಣ" ಎಂದೆ. ಅಂಗಡಿಯವರಿಗೂ ರಸ್ತೆಯವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆನೇನೋ, ಮಗಳು ಗಾಬರಿಯಾಗಿ ನನ್ನ ಮುಖ ನೋಡಿದಳು. ಮಾತನ್ನು ದೂರ ಒಯ್ಯಲು ಅಲ್ಲಿ ಇದ್ದ ನೀರೆಂದರೆ ಆ ಒಂದು ಬುಟ್ಟಿ ನೀರು.